ಕೊಕ್ಕೆ ಮೇಡಂ ಮತ್ತು ಸುಂಟರಗಾಳಿ

ಆ ಕಾರ್ಖಾನೆಯಲ್ಲಿ ಅವಳಿಗೆ ಕೊಕ್ಕೆ ಮೇಡಂ ಎಂದೇ ಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ನಿಜ. ಆದರೆ ಬೆನ್ನ ಹಿಂದೆ ಆಡಿದ್ದು ಕಿವಿಗೆ ಬೀಳದಷ್ಟು ದೊಡ್ಡ ಕಾರ್ಖಾನೆಯೇನೂ ಅದಲ್ಲ. ಮನರಂಜನಾ ಪಾರ್ಕುಗಳಿಗೆ ಬೇಕಾದ ಆಟದ ಯಂತ್ರಗಳನ್ನು ಅಲ್ಲಿ ಮಾಡುತ್ತಿದ್ದರು. ದೈತ್ಯ ಚಕ್ರ, ತೂಗುವ ಹಡಗು, ಗರಗರ ತಿರುಗುವ ಬಟ್ಟಲು, ಎತ್ತರದಿಂದ ದೊಪ್ಪನೆ ಇಳಿಯುವ ಗೋಪುರ. ಯಾರು ಯಾವ ನಕ್ಷೆ ತಂದು ಮೇಜಿನ ಮೇಲೆ ಹರಡಿದರೂ ಅವಳು ಅದಕ್ಕೊಂದು ಕೊಕ್ಕೆ ತೆಗೆಯುತ್ತಿದ್ದಳು. ಈ ಬೋಲ್ಟು ಸಡಿಲವಾದರೆ? ಈ ಬೆಸುಗೆಗೆ ಒಳಗಿನಿಂದ ತುಕ್ಕು ಹಿಡಿದರೆ? ಕೂತವನು ಬೇಕೆಂದೇ ಕಾಲು ಹೊರಗೆ ಚಾಚಿದರೆ?

"ಮೇಡಂ, ಅಷ್ಟೊಂದು ದಡ್ಡ ಯಾರಿರ್ತಾರೆ?" ಎಂದು ಹೊಸಬರು ಕೇಳಿದರೆ, "ದಡ್ಡರು ಟಿಕೆಟ್ ತಗೊಂಡೇ ಬರ್ತಾರಪ್ಪ. ಅವರನ್ನ ವಾಪಸ್ ಇಡಿಯಾಗಿ ಮನೆಗೆ ಕಳಿಸೋದೇ ನಮ್ಮ ಕೆಲಸ. ಭಯ ಆಗ್ಬೇಕು, ಅಪಾಯ ಆಗ್ಬಾರ್ದು" ಎನ್ನುತ್ತಿದ್ದಳು.

ಊರ ಹೊರಗೆ, ಒಂದು ಪ್ಲೈವುಡ್ ಗೋದಾಮಿನ ಬೆನ್ನಿಗೆ ಅಂಟಿಕೊಂಡಂತಿತ್ತು ಕಾರ್ಖಾನೆ. ಅಂಗಳದಲ್ಲಿ ಇನ್ನೂ ಕಣ್ಣು ಬರೆಯದ ಫೈಬರ್ ಕುದುರೆಗಳು ಸಾಲಾಗಿ ನಿಂತಿರುತ್ತಿದ್ದವು. ಅವುಗಳನ್ನು ಉಜ್ಜುವಾಗ ಏಳುವ ಪುಡಿ ಅಂಗಿಯ ಕಾಲರಿನೊಳಗೆ ಸೇರಿದರೆ ಸಂಜೆಯವರೆಗೂ ಮೈ ಪರಪರ ಕೆರೆತ. ಅವಳ ಕೋಣೆ ಕಾರ್ಖಾನೆಯೊಳಗಿನ ಅರೆಮಹಡಿಯ ಮೇಲೆ. ಕಬ್ಬಿಣ ಕೊಯ್ಯುವ ಸದ್ದಿಗೆ ಅದರ ಗಾಜು ಸದಾ ಗುಂಯ್ಗುಡುತ್ತಿತ್ತು. ತಮಾಷೆಯೆಂದರೆ, ಜನರನ್ನು ಆಕಾಶದಲ್ಲಿ ಪಲ್ಟಿ ಹೊಡೆಸುವ ಯಂತ್ರಗಳನ್ನು ಹುಟ್ಟಿಸುವ ಈ ಹೆಂಗಸಿಗೆ ಮಕ್ಕಳ ಉಯ್ಯಾಲೆಯಲ್ಲಿ ಕೂತರೂ ಹೊಟ್ಟೆ ತೊಳಸುತ್ತಿತ್ತು. ಪರೀಕ್ಷೆಯ ದಿನ ಸೀಟುಗಳಿಗೆ ಮರಳಿನ ಚೀಲ ಕಟ್ಟಿ ಓಡಿಸಿ, ತಾನು ಕೆಳಗೆ ನಿಂತು ಕಿವಿಗೊಡುತ್ತಿದ್ದಳು. ಸದ್ದಿನಲ್ಲೇ ಅವಳಿಗೆ ಅರ್ಧ ಗೊತ್ತಾಗುತ್ತಿತ್ತು.

ಗಂಡ ಸಿಕ್ಕಿದ್ದೂ ಅಲ್ಲೇ. ಅವಳು ಬರೆದ ಯಂತ್ರಗಳನ್ನು ಪಾರ್ಕುಗಳಿಗೆ ಹೋಗಿ ಜೋಡಿಸಿ ನಿಲ್ಲಿಸುವ ಎಂಜಿನಿಯರ್ ಅವನು. ಮೊದಲ ಭೇಟಿಯೇ ಜಗಳ. "ಕಾಗದದ ಮೇಲೆ ಚೆನ್ನಾಗಿ ಕೂರುತ್ತೆ ಮೇಡಂ, ಅಲ್ಲಿ ಸ್ಪ್ಯಾನರ್ ಹಾಕೋಕೆ ನನ್ನ ಕೈ ಹೋಗಲ್ಲ" ಎಂದು ನಕ್ಷೆಯನ್ನು ಅವಳ ಮುಂದೆ ಬಿಸಾಡಿದ್ದ. ಅವಳು ಹೋಗಿ ನೋಡಿದಳು. ಕೈ ಹೋಗುತ್ತಿರಲಿಲ್ಲ. ನಕ್ಷೆ ತಿದ್ದಿದಳು. ತಿದ್ದಿದ್ದು ನೋಡಿ ಅವನಿಗೆ ಆಶ್ಚರ್ಯವಾಯಿತು. ನಕ್ಷೆ ಬರೆಯುವ ಎಂಜಿನಿಯರುಗಳು ತಿದ್ದಿಕೊಳ್ಳುವುದನ್ನು ಅವನು ಅಷ್ಟಾಗಿ ಕಂಡಿರಲಿಲ್ಲ. ಮುಂದಿನ ವರ್ಷ ಮದುವೆಯಾದರು. ಆಮೇಲೆ ಅದೇ ಊರಿನ ಕೆರೆಯಾಚೆ ಇದ್ದ ದೊಡ್ಡ ಪಾರ್ಕಿನವರು ಅವನನ್ನು ತಮ್ಮ ಯಂತ್ರಗಳ ಉಸ್ತುವಾರಿಗೆ ಕರೆದುಕೊಂಡರು. ಹೀಗೆ ಹೆಂಡತಿ ಮಾಡಿದ ಯಂತ್ರಗಳನ್ನು ಗಂಡ ನೋಡಿಕೊಳ್ಳುವಂತಾಯಿತು.

ಮನೆ ಒಂದು ಎಲೆಕ್ಟ್ರಿಕ್ ಅಂಗಡಿಯ ಮೇಲೆ, ಎರಡು ಕೋಣೆ, ಒಂದು ಅಡುಗೆಮನೆ. ಒಂದು ಕೋಣೆ ಅತ್ತೆಯದು. ಅತ್ತೆ ಆಸ್ಪತ್ರೆಯಲ್ಲಿ ವಾರ್ಡ್ ಆಯಾ ಆಗಿದ್ದು ನಿವೃತ್ತರಾದವರು. ನಾಲಿಗೆ ಮೊನಚು, ಮಂಡಿ ನೋವು. "ನಾನು ಆಸ್ಪತ್ರೇಲಿ ಜನರನ್ನ ಎತ್ತಿ ನೆಟ್ಟಗೆ ಕೂರಿಸ್ತಿದ್ದೆ, ಅವ್ರು ನನ್ನ ಬೈಯೋರು. ನೀನು ತಲೆಕೆಳಗೆ ಮಾಡ್ತೀಯ, ನಿಂಗೆ ಚಪ್ಪಾಳೆ ಹೊಡೀತಾರೆ" ಎಂದು ಸೊಸೆಯನ್ನು ರೇಗಿಸುತ್ತಿದ್ದರು. ಮಕ್ಕಳಾಗಲಿಲ್ಲ. ಆ ಮಾತನ್ನು ಅತ್ತೆ ಮೊದಮೊದಲು ಎತ್ತುತ್ತಿದ್ದರು, ಆಮೇಲೆ ಬಿಟ್ಟುಬಿಟ್ಟರು.

ಸುಂಟರಗಾಳಿ ಅವಳ ಅತಿ ದೊಡ್ಡ ಯಂತ್ರ. ಎತ್ತರದ ಕಂಬಕ್ಕೆ ಒಂದು ಉದ್ದನೆಯ ತೋಳು. ತೋಳಿನ ತುದಿಗೆ ಸೀಟುಗಳ ಒಂದು ಗೊಂಚಲು. ತೋಳು ಒಂದು ಕಡೆ ತಿರುಗಿದರೆ ಗೊಂಚಲು ಇನ್ನೊಂದು ಕಡೆ ತಿರುಗುತ್ತದೆ. ಗೊಂಚಲನ್ನು ತೋಳಿಗೆ ಹಿಡಿದಿರುವುದು ನಮ್ಮ ನಿಮ್ಮ ತೋಳಿನಷ್ಟು ದಪ್ಪದ ಒಂದು ಉಕ್ಕಿನ ಶಾಫ್ಟು. ಆ ಶಾಫ್ಟು ಒಂದು ಕಡೆ ದಪ್ಪಗಿದ್ದು ಬೇರಿಂಗು ಕೂರುವ ಕಡೆ ಸಣ್ಣದಾಗುತ್ತದೆ. ಸಣ್ಣದಾಗುವಲ್ಲಿ ಮೆಟ್ಟಿಲಿನಂಥ ಒಂದು ಮೂಲೆ ಬರುತ್ತದೆ. ಮೂಲೆಯನ್ನು ಚೂಪಾಗಿ ಬಿಟ್ಟರೆ ಭಾರವೆಲ್ಲ ಬಂದು ಅಲ್ಲೇ ಕಚ್ಚುತ್ತದೆ, ದುಂಡಗೆ ಮಾಡಿದರೆ ಹರಡಿಹೋಗುತ್ತದೆ. ಮೆಕ್ಯಾನಿಕಲ್ ಓದಿದ ಯಾರಿಗೂ ಗೊತ್ತಿರುವ ವಿಷಯ. ಅವಳು ದುಂಡಗೇ ಬರೆದಿದ್ದಳು.

ಆದರೆ ಬಂದ ಬೇರಿಂಗು ಬೇರೆಯದು. ಆ ದುಂಡು ಅಡ್ಡ ಬಂದು ಅದು ಪೂರ್ತಿ ಕೂರುತ್ತಿರಲಿಲ್ಲ. ಸರಿಯಾದ ಬೇರಿಂಗು ತರಿಸಬೇಕೆಂದರೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಪಾರ್ಕಿನವರು ರಜೆಯ ದಿನಗಳಿಗೆ ಮೊದಲು ಯಂತ್ರ ನಿಲ್ಲಲೇಬೇಕೆಂದು ಕೂತಿದ್ದರು. ಕಾರ್ಖಾನೆಯ ಯಜಮಾನರು ಅವಳ ಕೋಣೆಗೆ ಬಂದು, "ಏನಾದ್ರೂ ದಾರಿ ಇದ್ಯಾ ನೋಡಿಮ್ಮಾ" ಎಂದರು. ಒತ್ತಾಯವೇನೂ ಮಾಡಲಿಲ್ಲ. ಮೂಲೆಯ ದುಂಡನ್ನು ಕಡಿಮೆ ಮಾಡಿದರೆ ಬೇರಿಂಗು ಕೂರುತ್ತಿತ್ತು. ಲೆಕ್ಕ ಹಾಕಿದಳು. ನಿಯಮ ಹೇಳುವ ಮಿತಿಯ ಒಳಗೇ ಬಂತು, ಆದರೆ ಅಂಚಿಗೆ ಬಂತು. ಬೇರೆ ಯಾರಾದರೂ ಆ ನಕ್ಷೆ ತಂದಿದ್ದರೆ ಅವಳು ನೂರು ಪ್ರಶ್ನೆ ಕೇಳುತ್ತಿದ್ದಳು. ತನ್ನದೇ ಆದ್ದರಿಂದ ಒಂದೂ ಕೇಳಲಿಲ್ಲ. ಬದಲಿಗೆ, ಪ್ರತಿ ವರ್ಷ ಗೊಂಚಲನ್ನು ಬಿಚ್ಚಿ ಈ ಮೂಲೆಯಲ್ಲಿ ಬಿರುಕಿದೆಯೇ ಎಂದು ಬಣ್ಣ ಹಚ್ಚಿ ಪರೀಕ್ಷಿಸಬೇಕು ಎಂಬ ಸೂಚನೆಯನ್ನು ಯಂತ್ರದ ಕೈಪಿಡಿಗೆ ಸೇರಿಸಿದಳು.

ಅವತ್ತು ಸಂಜೆ ಮನೆಯಲ್ಲಿ ಗಂಡನಿಗೂ ಹೇಳಿದಳು. "ರೀ, ಆ ಶಾಫ್ಟಿನ ಮೂಲೆ ಮೇಲೆ ಒಂದು ಕಣ್ಣಿಟ್ಟಿರಿ."

"ಯಾಕೆ, ಕೊಕ್ಕೆ ಮೇಡಂಗೆ ತಮ್ಮ ಕೆಲಸದ ಮೇಲೇ ಅನುಮಾನವಾ?"

"ಅನುಮಾನ ಅಂತಲ್ಲ. ಸುಮ್ನೆ ನೋಡ್ತಿರಿ."

"ಆಯ್ತು ಮಾರಾಯ್ತಿ, ನೋಡ್ತಿರ್ತೀನಿ."

ಮೊದಲ ವರ್ಷ ಅವನು ಬಿಚ್ಚಿ ನೋಡಿದ. ಕೆಂಪು ಬಣ್ಣ ಹಚ್ಚಿ, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದರೆ ಬಿರುಕಿನೊಳಗೆ ಉಳಿದ ಕೆಂಪು ಮೇಲೆದ್ದು ಗೆರೆಯಾಗಿ ಕಾಣುತ್ತದೆ. ಏನೂ ಕಾಣಲಿಲ್ಲ. ಆಮೇಲೆ ಸುಂಟರಗಾಳಿ ಊರಿಗೆಲ್ಲ ಪ್ರಸಿದ್ಧವಾಯಿತು. ಅದರ ಮುಂದಿನ ಸಾಲು ಗೇಟಿನವರೆಗೂ ಬರುತ್ತಿತ್ತು. ಗೊಂಚಲು ಬಿಚ್ಚಲು ಯಂತ್ರವನ್ನು ನಿಲ್ಲಿಸಬೇಕು, ಕ್ರೇನ್ ತರಿಸಬೇಕು. ಅವನು ಪಾರ್ಕಿನ ಮ್ಯಾನೇಜರನ್ನು ಕೇಳಿದಾಗಲೆಲ್ಲ ಅವರು ಬೇಡವೆನ್ನುತ್ತಿರಲಿಲ್ಲ. "ಈ ರಜೆ ಒಂದು ಮುಗೀಲಿ, ನೋಡೋಣ" ಎನ್ನುತ್ತಿದ್ದರು. ಒಂದು ರಜೆ ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಕೇಳಿ ಕೇಳಿ ಅವನಿಗೂ ಸಾಕಾಯಿತು. ಮುಚ್ಚಳದ ಸಂದಿಯಲ್ಲಿ ಟಾರ್ಚು ಬಿಟ್ಟು ಕಂಡಷ್ಟು ನೋಡಿ, ಸರಿಯಿದೆ ಎಂದುಬಿಡುತ್ತಿದ್ದ. ಇದನ್ನು ಹೆಂಡತಿಗೆ ಹೇಳಲಿಲ್ಲ. ಅವಳೂ ಕೇಳಲಿಲ್ಲ. ನೋಡಿರುತ್ತಾರೆ ಬಿಡು ಎಂದುಕೊಂಡಳು.

ಯಂತ್ರ ಮುರಿದದ್ದು ಒಂದು ಮಧ್ಯಾಹ್ನ, ಬಿಸಿಲಿನಲ್ಲಿ. ಅವಳು ಕಾರ್ಖಾನೆಯಲ್ಲಿದ್ದಳು. ಗಂಡನ ಫೋನು ಬಂತು. ಹಿಂದೆ ಯಾರೋ ಕಿರುಚುತ್ತಿದ್ದರು, ಯಾವುದೋ ಮೈಕಿನಲ್ಲಿ ಹಾಡು ಇನ್ನೂ ನಡೆಯುತ್ತಲೇ ಇತ್ತು.

"ಸುಂಟರಗಾಳಿ ಮುರೀತು" ಎಂದ.

"ಎಲ್ಲಿ?"

"ನೀನು ಹೇಳಿದ್ದೆಯಲ್ಲ. ಅಲ್ಲೇ."

ಫೋನಿಟ್ಟ ಮೇಲೆ, ಯಾರಿಗೇನಾಯಿತು ಎಂದು ತಾನು ಕೇಳಲೇ ಇಲ್ಲ ಎನ್ನುವುದು ಅವಳಿಗೆ ಹೊಳೆಯಿತು. ಮೊದಲು ಬಾಯಿಗೆ ಬಂದದ್ದು ಎಲ್ಲಿ ಎಂಬ ಮಾತು. ಆಮೇಲೆ ಎಷ್ಟೋ ಕಾಲ, ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಅವಳನ್ನು ಕಾಡಿದ್ದು ಇದೇ.

ಶಾಫ್ಟು ತುಂಡಾದಾಗ ಗೊಂಚಲು ಪೂರ್ತಿ ಕಳಚಿ ಬೀಳಲಿಲ್ಲ. ಆಪತ್ತಿಗಿರಲಿ ಎಂದು ಅವಳು ಹಾಕಿಸಿದ್ದ ಉಕ್ಕಿನ ಹಗ್ಗ ಅದನ್ನು ಹಿಡಿಯಿತು. ಹಿಡಿದ ರಭಸಕ್ಕೆ ಗೊಂಚಲು ವಾಲಿ ಕಂಬಕ್ಕೆ ಬಡಿಯಿತು. ಬಡಿದ ಬದಿಯ ಸೀಟುಗಳಲ್ಲಿ ಅಕ್ಕತಂಗಿಯರಿಬ್ಬರು ಕೂತಿದ್ದರು. ಅಕ್ಕ ಬೇಕರಿಯಲ್ಲಿ ಕೆಲಸಕ್ಕಿದ್ದವಳು. ರಜೆಯ ದಿನ ತಂಗಿಯನ್ನು ಕರೆದುಕೊಂಡು ಬಂದಿದ್ದಳು. ಅವಳು ಅಲ್ಲೇ ತೀರಿಕೊಂಡಳು. ತಂಗಿಯ ಸೊಂಟದ ಮೂಳೆ ಮುರಿಯಿತು. ಉಳಿದವರಿಗೆ ಗಾಯಗಳಾದವು, ಜೀವ ಉಳಿಯಿತು. ಹಗ್ಗವಿಲ್ಲದಿದ್ದರೆ ಒಬ್ಬರೂ ಉಳಿಯುತ್ತಿರಲಿಲ್ಲ ಎಂದು ಕಾರ್ಖಾನೆಯಲ್ಲಿ ಯಾರೋ ಸಮಾಧಾನ ಹೇಳಲು ಬಂದರು. ಅವಳು ಅವರ ಮುಖವನ್ನೇ ನೋಡುತ್ತ ಕೂತಳು. ಅವರು ಮಾತು ಅರ್ಧಕ್ಕೆ ಬಿಟ್ಟು ಎದ್ದುಹೋದರು.

ವಿಚಾರಣೆ ಶುರುವಾಯಿತು. ಕಾರ್ಖಾನೆಗೆ ಒಬ್ಬ ವಕೀಲರು, ಪಾರ್ಕಿಗೆ ಇನ್ನೊಬ್ಬರು. ಕಾರ್ಖಾನೆಯ ವಕೀಲರು ಅವಳನ್ನು ಕೂರಿಸಿಕೊಂಡು, "ಡಿಸೈನ್ ನಿಯಮದ ಪ್ರಕಾರ ಇದೆ ಅಂತ ಹೇಳಿ. ನೋಡ್ಕೊಳ್ಳೋರು ನೋಡ್ಕೊಳ್ಳಿಲ್ಲ ಅಂತ ಹೇಳಿ. ಅಷ್ಟು ಸಾಕು" ಎಂದರು. ಪಾರ್ಕಿನ ವಕೀಲರು ಅವಳ ಗಂಡನಿಗೆ, "ನಾವು ಎಲ್ಲ ಪರೀಕ್ಷೆ ಮಾಡಿದ್ವಿ, ಡಿಸೈನೇ ಸರಿ ಇರ್ಲಿಲ್ಲ ಅಂತ ಹೇಳಿ" ಎಂದರು. ವಿಚಾರಣೆ ಮುಗಿಯುವವರೆಗೆ ಈ ವಿಷಯ ಮನೆಯಲ್ಲಿ ಮಾತಾಡಬೇಡಿ ಎಂದು ಇಬ್ಬರಿಗೂ ಬೇರೆಬೇರೆಯಾಗಿ ತಾಕೀತು ಮಾಡಿದರು.

ಮಾತಾಡಬೇಡಿ ಎಂದರೆ ಅದೇನು ಬಂಗಲೆಯೇ, ಒಬ್ಬರು ಮಹಡಿಯ ಮೇಲೆ ಇನ್ನೊಬ್ಬರು ಕೆಳಗೆ ಇರಲು? ಬಚ್ಚಲಿಗೆ ಹೋಗಬೇಕಾದರೂ ಒಬ್ಬರನ್ನೊಬ್ಬರು ಸವರಿಕೊಂಡೇ ಹೋಗಬೇಕಾದ ಮನೆ. ನೀರು ಬಂತಾ, ಗ್ಯಾಸು ಮುಗೀತಾ, ಇಷ್ಟೇ ಮಾತು. ಒಂದು ಸಂಜೆ ಊಟಕ್ಕೆ ಕೂತಾಗ ಅತ್ತೆಯೇ ಸಿಡಿದರು.

"ಇಬ್ರೂ ಹೆಣ ಕಾಯೋರ ಥರ ಕೂತಿರ್ತೀರಿ. ಏನಾಗಿದೆ ಅಂತ ನಂಗಾದ್ರೂ ಹೇಳಿ. ತಪ್ಪು ಯಾರದ್ದು?"

ಸೊಸೆ ಸಾರಿನ ಪಾತ್ರೆ ಮುಂದೆ ಸರಿಸಿದಳು. ಅತ್ತೆ ತಟ್ಟೆ ಎತ್ತಿಕೊಂಡು ತಮ್ಮ ಕೋಣೆಗೆ ಹೋದರು. ಅವನು ಅನ್ನ ಕಲಸುವುದನ್ನು ನಿಲ್ಲಿಸಿ ಮೆಲ್ಲಗೆ ಹೇಳಿದ:

"ಒಂದು ದಾರಿ ಇದೆ. ಉಕ್ಕೇ ಕೆಟ್ಟದಿತ್ತು ಅಂತ ಇಬ್ರೂ ಒಂದೇ ಮಾತು ಹೇಳೋಣ. ಉಕ್ಕು ಕೊಟ್ಟ ಕಂಪನಿ ಎಲ್ಲೋ ದೂರದ್ದು. ಅವರು ಅವರ ಪಾಡು ನೋಡ್ಕೊಳ್ತಾರೆ. ನೀನೂ ಉಳೀತೀಯ, ನಾನೂ ಉಳೀತೀನಿ."

"ಉಕ್ಕು ಕೆಟ್ಟದಿತ್ತಾ?"

"ಇರ್ಬಹುದು."

"ನೀವು ಬಿಚ್ಚಿ ನೋಡಿದ್ರಾ ರೀ? ಆ ಮೂಲೇನ?"

ಅವನು ನೀರು ಕುಡಿದ. "ಮೊದಲನೇ ವರ್ಷ ನೋಡ್ದೆ."

"ಆಮೇಲೆ?"

"ಆಮೇಲೆ ಬಿಡ್ಲಿಲ್ಲ ಅವ್ರು. ನಾನೂ ಬಿಟ್ಟೆ." ಲೋಟ ಕೆಳಗಿಟ್ಟು, "ನೀನು ಆ ಮೂಲೇನ ಯಾಕೆ ಹಾಗೆ ಬರೆದೆ?" ಎಂದು ಕೇಳಿದ.

"ನನ್ನೂ ಬಿಡ್ಲಿಲ್ಲ ಅಂತ ಹೇಳ್ಬಹುದು" ಎಂದಳು ಅವಳು. "ಆದ್ರೆ ಬರೆದದ್ದು ನಾನೇ."

ಆ ವಾರ ಅವಳು ಮುರಿದ ಶಾಫ್ಟು ನೋಡಲು ಹೋದಳು. ವಿಚಾರಣಾಧಿಕಾರಿಗಳು ಅದನ್ನು ಲೋಹ ಪರೀಕ್ಷೆಯ ಲ್ಯಾಬಿನಲ್ಲಿ ಇರಿಸಿದ್ದರು. ಎರಡೂ ಕಡೆಯ ಎಂಜಿನಿಯರುಗಳಿಗೆ ನೋಡಲು ಅವಕಾಶವಿತ್ತು. ಟ್ಯೂಬ್‌ಲೈಟಿನ ಕೆಳಗೆ, ಬಿಳಿ ಬಟ್ಟೆಯ ಮೇಲೆ, ತುಂಡಾದ ಮುಖ ಮೇಲೆ ಮಾಡಿ ಇಟ್ಟಿದ್ದರು. ಲ್ಯಾಬಿನವರು ಭೂತಗನ್ನಡಿ ಕೊಟ್ಟರು. ಅದರ ಅಗತ್ಯವೇ ಇರಲಿಲ್ಲ.

ಲೋಹ ಒಮ್ಮೆಲೇ ಮುರಿದರೆ ಮುರಿದ ಜಾಗ ಒರಟಾಗಿ, ಹರಳುಹರಳಾಗಿ ಹೊಳೆಯುತ್ತದೆ. ಬಿರುಕು ನಿಧಾನವಾಗಿ ಬೆಳೆದು ಮುರಿದರೆ, ಅದು ಬೆಳೆದು ಬಂದ ದಾರಿಯೆಲ್ಲ ನಯವಾಗಿದ್ದು, ದಡಕ್ಕೆ ಬಂದು ಹೋದ ಅಲೆಗಳು ಮರಳಿನ ಮೇಲೆ ಬಿಟ್ಟ ಗುರುತಿನಂತೆ ಒಂದರ ಹಿಂದೊಂದು ಬಳೆ ಬಳೆಯಾಗಿ ಗೆರೆ ಬಿದ್ದಿರುತ್ತದೆ. ಇಲ್ಲಿ ಮುಕ್ಕಾಲು ಭಾಗ ನಯವಾಗಿತ್ತು. ಗೆರೆಗಳೆಲ್ಲ ಸುತ್ತಿ ಸುತ್ತಿ ಒಂದೇ ಕಡೆಗೆ ಬೊಟ್ಟು ಮಾಡುತ್ತಿದ್ದವು: ಅವಳು ದುಂಡು ಕಡಿಮೆ ಮಾಡಿದ್ದ ಮೂಲೆಗೆ. ಅಲ್ಲಿ ಹುಟ್ಟಿತ್ತು. ಅಲ್ಲಿಂದ ಹೊರಟು, ಯಾರೂ ಬಂದು ನೋಡದ ಕತ್ತಲಲ್ಲಿ, ತಣ್ಣಗೆ ಬೆಳೆದಿತ್ತು. ಹಳೆಯ ಗೆರೆಗಳಿಗೆ ತುಕ್ಕಿನ ಬಣ್ಣವೂ ಕೂತಿತ್ತು. ಉಕ್ಕು ಚಿನ್ನದಂಥ ಉಕ್ಕು. ಅದರಲ್ಲಿ ಒಂದು ಕುಂದೂ ಇರಲಿಲ್ಲ.

ಲ್ಯಾಬಿನವರು, "ಏನನ್ನಿಸುತ್ತೆ ಮೇಡಂ?" ಎಂದು ಕೇಳಿದರು. ಅವಳು ಭೂತಗನ್ನಡಿ ವಾಪಸ್ ಕೊಟ್ಟು, "ಕೈ ತೊಳ್ಕೊಳ್ಳೋಕೆ ಎಲ್ಲಿ ಹೋಗ್ಬೇಕು?" ಎಂದಳು.

ಸಾಕ್ಷಿ ಹೇಳಬೇಕಾದ ದಿನ ಬೆಳಿಗ್ಗೆ ಗಂಡ ಕನ್ನಡಿಯ ಮುಂದೆ ನಿಂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಅವನಿಗೂ ಅಂದೇ ಕರೆ ಬಂದಿತ್ತು.

"ನಾನು ಇದ್ದದ್ದು ಇದ್ದಹಾಗೆ ಹೇಳ್ತೀನಿ" ಎಂದಳು.

"ಇದ್ದದ್ದು ಅಂದ್ರೆ?"

"ನನ್ನದೂ. ನಿಮ್ಮದೂ."

ಅವನ ಕೈ ಗುಂಡಿಯ ಮೇಲೆ ನಿಂತಿತು. "ನಿನ್ನದು ನೀನು ಹೇಳ್ಕೋ. ಯಾರು ಬೇಡ ಅಂತಾರೆ? ನನ್ನದು ನಾನು ಹೇಳ್ತೀನೋ ಬಿಡ್ತೀನೋ, ನಂಗೆ ಬಿಡು."

"ಬಿಡೋ ಹಾಗಿದ್ರೆ ಬಿಡ್ತಿದ್ದೆ. ಬಿರುಕು ನನ್ನ ಮೂಲೇಲಿ ಹುಟ್ಟಿತು ಅಂತ ಹೇಳ್ಬೇಕಾದ್ರೆ ಗೆರೆ ತೋರಿಸ್ಬೇಕು. ಗೆರೆ ತೋರಿಸಿದ್ರೆ ಅದು ಎಷ್ಟು ಕಾಲದಿಂದ ಇತ್ತು ಅಂತ ಕೇಳ್ತಾರೆ. ಅರ್ಧ ಓದಿ ಅರ್ಧ ಬಿಡೋಕಾಗಲ್ಲ ರೀ ಅದನ್ನ."

"ಗೊತ್ತಿಲ್ಲ ಅನ್ನು. ಒಂದು ಮಾತು. ಗೊತ್ತಿಲ್ಲ ಅಂದ್ರೆ ಯಾರ ಗಂಟು ಹೋಗುತ್ತೆ?"

ಅವಳು ಕಾಗದಗಳ ಚೀಲ ಹೆಗಲಿಗೇರಿಸಿದಳು.

"ನಿಂಗೆ ನಾನು ಯಾರು ಹೇಳು" ಎಂದ ಅವನು. ಜೋರಾಗಿ ಅಲ್ಲ, ನಿಜವಾಗಿ ಕೇಳುವವನ ಹಾಗೆ.

ಅವಳು ಚಪ್ಪಲಿ ಹಾಕಿಕೊಂಡಳು. ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಕೂತು ಹೋದರು. ಬೇರೆ ಸೀಟು ಖಾಲಿ ಇರಲಿಲ್ಲ.

ವಿಚಾರಣೆಯ ಹಾಲಿನಲ್ಲಿ ಫ್ಯಾನುಗಳು ಕಿರುಗುಟ್ಟುತ್ತಿದ್ದವು. ವಿಚಾರಣಾಧಿಕಾರಿ ವಯಸ್ಸಾದವರು, ಮೃದು ಮಾತಿನವರು. ಸತ್ತ ಹುಡುಗಿಯ ತಾಯಿ ಮುಂದಿನ ಬೆಂಚಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ತಂಗಿ. ಅತ್ತೆಯೂ ಹಟ ಮಾಡಿ ಆಟೋ ಹಿಡಿದು ಬಂದು ಹಿಂದೆಲ್ಲೋ ಕೂತಿದ್ದರು.

ಅವಳು ಶಾಫ್ಟಿನ ದೊಡ್ಡ ಫೋಟೋ ಮುಂದಿಟ್ಟುಕೊಂಡು ಗೆರೆಗಳನ್ನು ತೋರಿಸಿದಳು. ಮೂಲೆಯ ದುಂಡನ್ನು ತಾನೇ ಕಡಿಮೆ ಮಾಡಿದ್ದೆಂದಳು. ಮಿತಿಯೊಳಗಿತ್ತು, ಆದರೆ ಕಡಿಮೆ ಮಾಡಬಾರದಿತ್ತು ಎಂದಳು. ಕಾರ್ಖಾನೆಯ ವಕೀಲರು ಎದ್ದು ನಿಂತು ಏನೋ ಹೇಳಹೊರಟರು. ಅಧಿಕಾರಿ ಕೈಸನ್ನೆ ಮಾಡಿ ಕೂರಿಸಿದರು.

"ಈ ಬಿರುಕು ಎಷ್ಟು ಕಾಲದಿಂದ ಇತ್ತು, ಹೇಳೋಕಾಗುತ್ತಾ?" ಎಂದು ಕೇಳಿದರು.

ಅವಳು ಗಂಡನ ಕಡೆ ನೋಡಲಿಲ್ಲ. "ಒಂದು ವರ್ಷಕ್ಕಿಂತ ಜಾಸ್ತಿ" ಎಂದಳು.

"ಬಿಚ್ಚಿ ಪರೀಕ್ಷೆ ಮಾಡಿದ್ರೆ ಕಾಣ್ತಿತ್ತಾ?"

"ಕಾಣ್ತಿತ್ತು."

"ಮಾಡಿದ್ರಾ?"

"ಅದನ್ನ ಮಾಡ್ಬೇಕಾದವರನ್ನೇ ಕೇಳಿ ಸಾರ್. ನಂಗೆ ಗೊತ್ತಿರೋದು, ಮಾಡಿದ್ರೆ ಇದು ಇಷ್ಟು ಬೆಳೀತಿರ್ಲಿಲ್ಲ."

ಅವಳ ನಂತರ ಗಂಡನನ್ನು ಕರೆದರು. ಅವನು ಪರೀಕ್ಷೆ ಮಾಡಿದ್ದೇನೆ ಎಂದು ಒಮ್ಮೆ ಹೇಳಿದ. ಅಧಿಕಾರಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಅವನು ಹಿಂದಿನ ಸಾಲಿನಲ್ಲಿ ತನ್ನ ತಾಯಿಯನ್ನು ಕಂಡ. ಆಮೇಲೆ, "ಇಲ್ಲ ಸಾರ್. ಟಾರ್ಚು ಹಾಕಿ ನೋಡ್ದೆ. ಅದನ್ನೇ ಪರೀಕ್ಷೆ ಅಂದೆ" ಎಂದ. ಮ್ಯಾನೇಜರನ್ನು ಕೇಳಿದಾಗ ಅವರು, "ಯಂತ್ರ ನಿಲ್ಲಿಸ್ಬೇಡಿ ಅಂತ ನಾನು ಯಾವತ್ತೂ ಹೇಳಿಲ್ಲ" ಎಂದರು. ಅದು ನಿಜವೇ ಆಗಿತ್ತು.

ಹೊರಗೆ ಮೊಗಸಾಲೆಯಲ್ಲಿ ಗಾಲಿಕುರ್ಚಿಯ ಹುಡುಗಿ ಅವಳನ್ನು ತಡೆದಳು. "ಮೇಡಂ, ನಂಗೆ ಆ ಗೆರೆ ಪರೆ ಅರ್ಥ ಆಗ್ಲಿಲ್ಲ. ನಮ್ಮಕ್ಕ ಸತ್ತಿದ್ದು ನಿಮ್ಮಿಂದಾನಾ, ಆ ಟಾರ್ಚು ಹಾಕಿ ನೋಡಿದವರಿಂದಾನಾ?"

"ಇಬ್ರಿಂದಾನೂ" ಎಂದಳು.

"ಅವ್ರು ನಿಮಗೇನಾಗ್ಬೇಕು?"

"ನಮ್ಮ ಮನೆಯವರು."

ಹುಡುಗಿ ತುಸು ಹೊತ್ತು ಅವಳನ್ನೇ ನೋಡಿದಳು. "ಅಮ್ಮಾ, ತಳ್ಳು" ಎಂದು ತಾಯಿಗೆ ಹೇಳಿ, ಮುಖ ತಿರುಗಿಸಿಕೊಂಡಳು.

ಕೇಸು ಕೋರ್ಟಿಗೆ ಹೋಯಿತು. ತನಗೂ ಶಿಕ್ಷೆಯಾಗುತ್ತದೆ ಎಂದು ಅವಳು ಖಂಡಿತವಾಗಿ ನಂಬಿದ್ದಳು. ಒಂದು ಚೀಲದಲ್ಲಿ ಬಟ್ಟೆಯನ್ನೂ ತುಂಬಿಟ್ಟಿದ್ದಳು. ಆದರೆ ಕಾನೂನು ಅವಳ ಲೆಕ್ಕವನ್ನು ನೋಡಿತು, ಲೆಕ್ಕ ಮಿತಿಯೊಳಗಿತ್ತು. ಪರೀಕ್ಷಿಸಿ ಎಂದು ಅವಳು ಸೂಚನೆ ಕೊಟ್ಟಿದ್ದಳು. ಸೂಚನೆ ಪಾಲಿಸಿರಲಿಲ್ಲ. ಅವಳ ಮೇಲೆ ತಪ್ಪು ಹೊರಿಸಲು ಏನೂ ಇಲ್ಲವೆಂದು ಬಿಟ್ಟರು. ಪಾರ್ಕಿಗೆ ದಂಡ. ಗಂಡನಿಗೆ ಜೈಲು.

ತೀರ್ಪು ಓದಿ ಮುಗಿಸಿದಾಗ ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. "ಮತ್ತೆ ನಂದು?" ಎಂದು ವಕೀಲರನ್ನು ಕೇಳಿದಳು. ಅವರು ಕಡತ ಕಟ್ಟುತ್ತ, "ನಿಮ್ಮದೇನೂ ಇಲ್ಲ, ಮನೆಗೆ ಹೋಗಿ" ಎಂದರು. ಪೊಲೀಸರು ಗಂಡನನ್ನು ಕರೆದೊಯ್ಯುವಾಗ ಅವನು ಕೈಗಡಿಯಾರ ಬಿಚ್ಚಿ ತಾಯಿಯ ಕೈಗೆ ಕೊಟ್ಟ. ಹೆಂಡತಿಯ ಕಡೆ ತಿರುಗಲಿಲ್ಲ.

ಬೀದಿಯಲ್ಲಿ ಮಾತು ಹುಟ್ಟಿತು. ಗಂಡನನ್ನು ಒಳಗೆ ಹಾಕಿಸಿ ತಾನು ಜಾರಿಕೊಂಡಳು ಎಂದರು. ಮೊದಲೇ ಲೆಕ್ಕ ಹಾಕಿ ಮಾತಾಡಿದ್ದಾಳೆ, ಎಂಜಿನಿಯರಲ್ಲವೇ ಎಂದರು. ಕೆಳಗಿನ ಎಲೆಕ್ಟ್ರಿಕ್ ಅಂಗಡಿಯವನು ಅವಳು ಮೆಟ್ಟಿಲಿಳಿಯುವಾಗ ಬೇಕೆಂದೇ ಬಲ್ಬುಗಳ ಕಡೆ ತಿರುಗಿ ನಿಲ್ಲುತ್ತಿದ್ದ. ಕಾರ್ಖಾನೆಯ ಯಜಮಾನರು ಕೆಲಸದಿಂದ ತೆಗೆಯಲಿಲ್ಲ. "ಸುಳ್ಳು ಹೇಳಿ ಅಂತ ನಾನು ಹೇಳಿರ್ಲಿಲ್ಲಮ್ಮಾ, ಬಾಯಿ ಮುಚ್ಕೊಂಡಿರಿ ಅಂತ ವಕೀಲರ ಹತ್ರ ಹೇಳಿಸಿದ್ದೆ ಅಷ್ಟೆ" ಎಂದರು. ಯಾರೂ ಈಗ ಕೊಕ್ಕೆ ಮೇಡಂ ಎನ್ನುತ್ತಿರಲಿಲ್ಲ, ಬೆನ್ನ ಹಿಂದೆಯೂ. ಒಂದು ದಿನ ಹೊಸ ಯಂತ್ರದ ನಕ್ಷೆ ಮುಂದಿಟ್ಟುಕೊಂಡು ಮಧ್ಯಾಹ್ನದವರೆಗೂ ಒಂದು ಗೆರೆ ಎಳೆಯಲಾಗದೆ ಕೂತಳು. ಎದ್ದು ಹೋಗಿ ರಾಜೀನಾಮೆ ಕೊಟ್ಟಳು.

ಆಸ್ಪತ್ರೆಯ ಮಂಚಗಳನ್ನು ಮಾಡುವ ಒಂದು ಸಣ್ಣ ಕಂಪನಿ ಅವಳನ್ನು ತೆಗೆದುಕೊಂಡಿತು. ಮಂಚದ ತಲೆಭಾಗ ಏಳುವ, ಇಳಿಯುವ ಕೀಲು, ಗಾಲಿಗೆ ಬ್ರೇಕು. ಯಾವುದೂ ನಿಮ್ಮ ಎದೆಮಟ್ಟಕ್ಕಿಂತ ಮೇಲೆ ಹೋಗುವುದಿಲ್ಲ. ಅತ್ತೆ ಆ ಕೆಲಸದ ಬಗ್ಗೆ ಒಂದೇ ಒಂದು ಮಾತು ಆಡಿದರು: "ಬದಿ ಕಂಬಿ ಇಳಿಸೋ ಕೊಂಡಿ ಕಾಲ ಕಡೆ ಇಡ್ಬೇಡ. ಆಯಾಗಳ ಕೈ ಎಟಕಲ್ಲ."

ಅದೊಂದು ಬಿಟ್ಟರೆ ಅತ್ತೆ ಸೊಸೆಯ ಹತ್ತಿರ ಮಾತಾಡುತ್ತಿರಲಿಲ್ಲ. ಅಡುಗೆ ಮಾಡುತ್ತಿದ್ದರು, ಬಡಿಸಿ ಮುಚ್ಚಿಡುತ್ತಿದ್ದರು. ಜೈಲಿಗೆ ಭೇಟಿಗೆ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದರು, ಆದರೆ ಒಳಗೆ ಹೋಗುತ್ತಿದ್ದುದು ಅತ್ತೆ ಮಾತ್ರ. ಹೆಂಡತಿಯನ್ನು ನೋಡುವುದಿಲ್ಲ ಎಂದು ಅವನು ಹೇಳಿಕಳಿಸಿದ್ದ. ಅವಳು ಗೋಡೆಯ ನೆರಳಿನಲ್ಲಿ ಕಾಯುತ್ತ ನಿಂತಿರುತ್ತಿದ್ದಳು. ಅತ್ತೆ ಹೊರಬಂದು, "ಸಣ್ಣಗಾಗಿದಾನೆ" ಎಂದೋ, "ಕೆಮ್ಮು" ಎಂದೋ ಗೋಡೆಗೆ ಹೇಳಿದಂತೆ ಹೇಳಿ ಮುಂದೆ ನಡೆಯುತ್ತಿದ್ದರು.

ಹೀಗೇ ಒಂದು ಸಲ ಹಿಂತಿರುಗುವಾಗ ಬಸ್ಸಿನಲ್ಲಿ ಅತ್ತೆ ತಾವಾಗಿಯೇ ಬಾಯಿ ಬಿಟ್ಟರು. "ಹೆತ್ತವಳು ನಾನು. ನಿನ್ನ ಮೇಲೆ ಸಿಟ್ಟು ಬರುತ್ತೆ. ಬರಬೇಕು. ಆದ್ರೆ ಅವತ್ತು ಆ ಹಾಲಲ್ಲಿ ಇನ್ನೊಬ್ಬಳು ಹೆತ್ತವಳು ಕೂತಿದ್ಲು. ಅವಳ ಕೈಚೀಲದ ಜಿಪ್ಪು ಕಿತ್ತುಹೋಗಿತ್ತು. ಇಡೀ ಹೊತ್ತು ಅದನ್ನೇ ಎಳೀತಿದ್ಲು, ಮುಚ್ಚೋಕೆ. ನೋಡ್ದೆಯಾ?"

"ನೋಡ್ಲಿಲ್ಲ ಅತ್ತೆ."

"ನಾನು ನೋಡ್ದೆ" ಎಂದು ಕಿಟಕಿಯ ಕಡೆ ತಿರುಗಿಕೊಂಡರು.

ಶಿಕ್ಷೆ ಮುಗಿಸಿ ಅವನು ಮನೆಗೆ ಬಂದ. ಕೂದಲು ನರೆತಿತ್ತು. ಸ್ನಾನ ಮಾಡಿ ಊಟಕ್ಕೆ ಕೂತ. ಅವಳು ಬಾಗಿಲಲ್ಲೇ ನಿಂತಿದ್ದಳು. ಅತ್ತೆ, "ನೀನೂ ಕೂತ್ಕೋ, ಎಷ್ಟೊತ್ತು ನಿಲ್ತೀಯ" ಎಂದು ಅವಳಿಗೂ ತಟ್ಟೆ ಇಟ್ಟರು. ಊಟದ ನಡುವೆ ಅವನು ತಲೆಯೆತ್ತದೆ, "ಸಿಟ್ಟಿಲ್ಲ ಅಂತ ನಾನು ಹೇಳಲ್ಲ" ಎಂದ.

"ಹೇಳ್ಬೇಡಿ" ಎಂದಳು.

ಕೆಲವು ತಿಂಗಳು ಹಾಗೇ ಇದ್ದರು. ಯಾವ ಪಾರ್ಕೂ ಅವನನ್ನು ತೆಗೆದುಕೊಳ್ಳಲಿಲ್ಲ, ಲಿಫ್ಟಿನ ಕಂಪನಿಯವರೂ ಇಲ್ಲ. ದಿನವಿಡೀ ಮನೆಯಲ್ಲಿ ಕೂತು, ಸರಿಯಿದ್ದ ನಲ್ಲಿಗಳನ್ನೇ ಬಿಚ್ಚಿ ಮತ್ತೆ ಜೋಡಿಸುತ್ತಿದ್ದ. ಹೆಂಡತಿ ಕೆಲಸದಿಂದ ಬರುವ ಹೊತ್ತಿಗೆ ಹೊರಗೆ ಹೊರಟುಬಿಡುತ್ತಿದ್ದ. ಕೊನೆಗೆ ಬೇರೆ ಊರಿನಲ್ಲಿದ್ದ ಅವನ ಅಕ್ಕ ಕರೆದಳು. ಭಾವನದು ಅಲ್ಲಿ ನೀರೆತ್ತುವ ಪಂಪು ರಿಪೇರಿ ಮಾಡುವ ಅಂಗಡಿ. "ಅಮ್ಮನನ್ನೂ ಕರ್ಕೊಂಡು ಬಾ" ಎಂದಿದ್ದಳು.

ಅವನು ಹೊರಟ ದಿನ ಅತ್ತೆಯ ಟ್ರಂಕೂ ಬಾಗಿಲಿಗೆ ಬಂದಿತ್ತು. ಆಟೋದವನು ಕೆಳಗೆ ಹಾರ್ನ್ ಮಾಡುತ್ತಿದ್ದ. ಅತ್ತೆ ಕುರ್ಚಿಯಿಂದ ಏಳಲಿಲ್ಲ.

"ನಾನು ಬರಲ್ಲ ಕಣೋ" ಎಂದರು. "ನಿಮ್ಮಕ್ಕನ ಮನೆ ಮೂರನೇ ಮಹಡಿ. ನನ್ನ ಮಂಡಿ ಕೇಳಲ್ಲ."

"ಇದೂ ಮಹಡೀನೇ ಅಲ್ವಾಮ್ಮಾ?"

"ಇದು ಅಭ್ಯಾಸ ಆಗಿದೆ."

ಅವನು ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ತನ್ನ ಚೀಲವೊಂದನ್ನೇ ಎತ್ತಿಕೊಂಡು ಇಳಿದುಹೋದ. ಅವಳು ಟ್ರಂಕನ್ನು ಮತ್ತೆ ಒಳಗೆಳೆದು ಮಂಚದ ಕೆಳಗೆ ತಳ್ಳಿದಳು. ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡು, "ಮೆಲ್ಲಗೆ. ನೆಲ ಗೀರುತ್ತೆ" ಎಂದರು.

ಈಗ ಅವನು ಆಗೀಗ ಭಾನುವಾರ ಬರುತ್ತಾನೆ. ತಾಯಿಗೆ ಮಂಡಿಯ ಎಣ್ಣೆ ತರುತ್ತಾನೆ, ಊಟ ಮಾಡುತ್ತಾನೆ, ಸಂಜೆಯ ಬಸ್ಸಿಗೆ ಹೋಗುತ್ತಾನೆ. ಹೋದ ಸಲ ಅತ್ತೆ ಮಲಗಿದ್ದಾಗ ಅಡುಗೆಮನೆಗೆ ಬಂದ. ಅವಳು ಚಹಾಕ್ಕೆ ನೀರಿಡುತ್ತಿದ್ದಳು. ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ನಿಂತ.

"ಅವತ್ತು ನಿನ್ನನ್ನೂ ಒಳಗೆ ಹಾಕಿದ್ರೆ" ಎಂದ, "ನಂಗೆ ಸುಲಭ ಆಗ್ತಿತ್ತು."

"ನಂಗೂ" ಎಂದಳು ಅವಳು.

ನೀರು ಕುದಿಯಿತು. ಅವಳು ಪುಡಿ ಹಾಕಿದಳು, ಸೋಸಿ ಲೋಟಕ್ಕೆ ಬಗ್ಗಿಸಿ ಕೊಟ್ಟಳು. ಅವನು ಅಲ್ಲೇ ನಿಂತು ಕುಡಿದ, ಲೋಟವನ್ನು ತಾನೇ ತೊಳೆದಿಟ್ಟ, ಬಸ್ಸಿಗೆ ಹೊತ್ತಾಯಿತು ಎಂದು ಹೊರಟ.